ನಾವು ಬಿಟ್ಟ ಹೆಸರು

ಕಳೆದ ಶ್ರಾವಣಮಾಸದ ಒಂದು ಸಂಜೆ ತಳಕಲ್ಲಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಿರಲಾಗಿ, ಗದಗಿನ ಕಡೆಯಿಂದ ಬಂದ ಗಾಡಿಯನ್ನಿಳಿದು ತುಂತುರು ಮಳೆಯಲ್ಲಿಯೇ ನಡೆದುಬಂದ ಒಬ್ಬ ತರುಣನು ನಮಗೆ ನಮಸ್ಕರಿಸಿ ನಿಂತನು. ಹಿಂದೆ ನಮ್ಮ ಕೈಕೆಳಗೆ ಕಲಿತವನು; ಬೆಟಗೇರಿಯ ನೇಕಾರರ ಮನೆಯ ಕ್ರಿಸ್ತ ಹುಡುಗನು. ಮದುವೆ ಮುಂಜಿವೆಗಳ ಚಿತ್ರ ತೆಗೆಯುವುದು ಈಗ ಅವನ ಉದ್ಯೋಗವಂತೆ. ಬಿಡುವಿನಲ್ಲಿ ಹಳೆಯ ಮಿಶನರಿಗಳ ಕಥೆಗಳನ್ನು ಮೊಬೈಲಿನಲ್ಲಿ ನೋಡುವಂತೆ ಚಿಕ್ಕ ಚಿಕ್ಕ ಚಲಚ್ಚಿತ್ರಗಳನ್ನಾಗಿ ಮಾಡಬೇಕೆಂದು ಹೊರಟಿರುವನು. ಮೋಗ್ಲಿಂಗ್ ಸಾಹೇಬರ ಕಥೆಯನ್ನು ನಾವು ಹೇಳಿಕೊಡಬೇಕೆಂದು ಕೇಳಲು ಬಂದಿದ್ದನು.

“ನೀವು ಹೇಳಿದ್ರ ಛಲೋ ಆಗ್ತದ್ರಿ ಗುರುಗಳ. ನಮ್ಮ ಮಂದಿ ಹೇಳಿದ್ರ ಪ್ರಚಾರ ಅಂತಾರ” ಎಂದನು.

ಒಳಗಿನಿಂದ ಬಾಗಿಲಿಗೆ ಬಂದು ನಿಂತ ನಮ್ಮ ಮನೆಯಾಕೆಯು ಅವನೆದುರಿಗೆ ಏನೂ ಹೇಳಲಿಲ್ಲ. ಅವನು ಹೋದ ಮೇಲೆ, “ಊರಾಗ ಮಾಸ್ತರು ಅವರ ಕಡೆ ಹೋದರು ಅಂದಾರು” ಎಂದು ಅಂಜಿದಳು. ಅವಳ ಅಂಜಿಕೆಯು ನಿರಾಧಾರವಾದುದೆಂದು ಹೇಳಲಾರೆವು. ಅಮರಕೋಶವನ್ನು ಕಂಠಪಾಠ ಮಾಡಿ, ಶಬ್ದಮಂಜರಿಯನ್ನು ಉರುಹೊಡೆದು ಬೆಳೆದವರು ನಾವು. ನಮಗೆ ವ್ಯಾಕರಣ ಹೇಳಿದ ಗುರುಗಳೊಬ್ಬರು ಕಿಟ್ಟೆಲರ ನಿಘಂಟನ್ನು ಮ್ಲೇಚ್ಛಕೋಶವೆಂದು ಜರೆಯುತ್ತಿದ್ದರು. ಹಾಗೆ ಜರೆಯುತ್ತಲೇ ಸಂದೇಹ ಬಂದಾಗ ಬಾಗಿಲು ಮುಂದೆಮಾಡಿಕೊಂಡು ಅದನ್ನೇ ತೆರೆದು ನೋಡುತ್ತಿದ್ದರು, ಅದೂ ನಿಜ. ಅವರಿಗೆ ಸಿಟ್ಟು ಬರಲು ಕಾರಣವಿತ್ತು. ಸಂಸ್ಕೃತವು ದ್ರಾವಿಡ ಭಾಷೆಗಳಿಂದ ಪಡೆದ ಶಬ್ದಗಳೆಂದು ಕಿಟ್ಟೆಲರು ಪೀಠಿಕೆಯಲ್ಲಿ ಒಂದು ದೊಡ್ಡ ಪಟ್ಟಿಯನ್ನೇ ಕೊಟ್ಟಿರುವರು. ನೀರ, ಮೀನ ಮೊದಲಾದವು ನಮ್ಮ ಕಡೆಯಿಂದಲೇ ಅಲ್ಲಿಗೆ ಹೋದವೆಂಬುದನ್ನು ಇಂದಿನ ವಿದ್ವಾಂಸರು ಬಹುಮಟ್ಟಿಗೆ ಒಪ್ಪುವರು. ಗುರುಗಳು ಕೊನೆಯವರೆಗೂ ಒಪ್ಪಲಿಲ್ಲ.

ಎರಡು ದಿನ ಯೋಚಿಸಿ, ಆಗಬಹುದೆಂದು ಹೇಳಿ ಕಳುಹಿಸಿದೆವು. ಕಥೆಯನ್ನು ಪೂರ್ತಿ ಹೇಳುವೆವು, ನಡುವೆ ಏನನ್ನೂ ಬಿಡಕೂಡದು ಎಂಬುದೊಂದೇ ಕರಾರು.

ಹರ್ಮನ್ ಮೋಗ್ಲಿಂಗರು ಬಾಸೆಲ್ ಮಿಶನ್ನಿನ ಉಪದೇಶಕರಾಗಿ 1836ರಲ್ಲಿ ಮಂಗಳೂರಿಗೆ ಬಂದರು. 1843ನೆಯ ಜುಲೈ 1ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ವೇ ಕನ್ನಡದ ಮೊದಲನೆಯ ವೃತ್ತಪತ್ರಿಕೆ. ಕಲ್ಲಚ್ಚಿನಲ್ಲಿ ಮುದ್ರಿತವಾದ ನಾಲ್ಕು ಪುಟಗಳ ಪಾಕ್ಷಿಕವದು. ಊರ ಸುದ್ದಿ, ಸರಕಾರದ ಆಜ್ಞೆಗಳು, ಪರದೇಶದ ವರ್ತಮಾನ, ಕಥೆ, ನೀತಿ ಎಲ್ಲವೂ ಅದರಲ್ಲಿದ್ದವು. ಮರುವರ್ಷವೇ ಅದು ನಮಗೆ ಸಮೀಪದ ಬಳ್ಳಾರಿಗೆ ಬಂದು, ಮೊಳೆಯಚ್ಚಿನಲ್ಲಿ ‘ಕನ್ನಡ ಸಮಾಚಾರ’ವೆಂಬ ಹೆಸರನ್ನು ತಾಳಿತು. ಬಳಿಕ ಅವರು ನೀಲಗಿರಿಯಲ್ಲಿ ನೆಲಸಿದ್ದ ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ದ್ರವ್ಯಸಹಾಯದಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯನ್ನು ಆರಂಭಿಸಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದುವನ್ನು ಅಚ್ಚು ಹಾಕಿಸಿದರು. ತಾಳೆಗರಿಯಲ್ಲಿಯೂ ಹಾಡುವವರ ಬಾಯಲ್ಲಿಯೂ ಇದ್ದ ದಾಸರ ಪದಗಳನ್ನು ಮೊದಲು ಪುಸ್ತಕವನ್ನಾಗಿ ಮಾಡಿದವನು ಒಬ್ಬ ಪಾದ್ರಿಯೆಂಬುದನ್ನು ಹೇಳುವಾಗ ನಮಗೇ ನಗೆ ಬಂದಿತು. ಕಿಟ್ಟೆಲರಾದರೋ 1862ರಲ್ಲಿ ‘ಕಥಾಮಾಲೆ’ಯೆಂಬ ಗ್ರಂಥದಲ್ಲಿ ಕ್ರಿಸ್ತನ ಚರಿತ್ರೆಯನ್ನೇ ನಮ್ಮ ಛಂದಸ್ಸಿಗೆ ಅಳವಡಿಸಿದರು. ಹೇಳಬೇಕಾದ ಕಥೆ ಪರದೇಶದ್ದಾದರೂ ಕೇಳುವವರ ಧಾಟಿಯಲ್ಲಿಯೇ ಹೇಳಬೇಕೆಂಬುದನ್ನು ಆ ಪುರುಷರು ಬಲ್ಲವರಾಗಿದ್ದರು.

ಇಲ್ಲಿ ನಮ್ಮ ತಪ್ಪೊಂದನ್ನು ವಾಚಕರೆದುರು ಒಪ್ಪಿಕೊಳ್ಳಬೇಕು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರತಿವರ್ಷ ಜುಲೈ ಮೊದಲನೆಯ ದಿನ ಮಕ್ಕಳಿಗೆ ‘ಸಮಾಚಾರ’ದ ಕಥೆಯನ್ನು ಹೇಳುತ್ತಿದ್ದೆವು. ‘ಕನ್ನಡವನ್ನು ಪ್ರೀತಿಸಿದ ಜರ್ಮನ್ ದೇಶದ ಪಂಡಿತನೊಬ್ಬನು’ ಎಂದು ಆರಂಭಿಸಿ ಅಲ್ಲಿಗೇ ಮುಗಿಸುತ್ತಿದ್ದೆವು. ಅವನು ಏತಕ್ಕೆ ಬಂದಿದ್ದನೆಂಬುದನ್ನು ಎಂದೂ ಹೇಳಲಿಲ್ಲ. ತಾಯಿತಂದೆಗಳು ಆಕ್ಷೇಪಿಸಿಯಾರೆಂಬ ಭಯವೊಂದು. ನಮ್ಮ ದಾಸರ ಪದಗಳು ಮತಪ್ರಚಾರಕನ ಕೈಯಿಂದ ಅಚ್ಚಾದುವೆಂದು ಹೇಳಲು ಅಭಿಮಾನ ಅಡ್ಡಬಂದುದು ಇನ್ನೊಂದು. ಆ ತರಗತಿಯಲ್ಲಿ ಈ ಹುಡುಗನೂ ಕುಳಿತಿದ್ದನು. ತನ್ನ ಪೂರ್ವಿಕರ ಚರಿತ್ರೆಯ ಅರ್ಧವನ್ನು ಗುರುಗಳು ನುಂಗಿಕೊಂಡುದು ಅವನಿಗೆ ಆಗಲೇ ತಿಳಿದಿರಬೇಕು. ಕೇಳಿದೆವು. ತಲೆ ತಗ್ಗಿಸಿ, “ಗೊತ್ತಿತ್ರಿ” ಎಂದನು.

ಆದಕಾರಣ ಈ ಸಲ ಎಲ್ಲವನ್ನೂ ಹೇಳಿದೆವು. ಬಾಸೆಲ್ ನಗರದಿಂದ 1828ರಿಂದ ಒಂದು ಜರ್ಮನ್ ಪತ್ರಿಕೆ ಹೊರಡುತ್ತಿದ್ದಿತು. ‘ಹೈಡನ್‌ಬೋಟೆ’ ಎಂದು ಅದರ ಹೆಸರು; ಅನ್ಯಧರ್ಮೀಯರ ನಡುವಣ ದೂತನೆಂದು ಅರ್ಥವಾದೀತು. ಇಲ್ಲಿನ ಉಪದೇಶಕರು ಬರೆದು ಕಳುಹಿಸಿದ ವರದಿಗಳು ಅದರಲ್ಲಿ ಅಚ್ಚಾಗುತ್ತಿದ್ದವು. ಆ ಕಡೆಯ ಹಳ್ಳಿಗಳ ಸಾಮಾನ್ಯ ಜನರು ಅದನ್ನೋದಿ ಕರಗಿ, ತಮ್ಮ ಚಿಲ್ಲರೆ ಕಾಸುಗಳನ್ನು ಮಿಶನ್ನಿಗೆ ಕೊಡುತ್ತಿದ್ದರು. ಮಂಗಳೂರಿನ ಪತ್ರಿಕೆಯನ್ನು ಓದಿದ ನಮ್ಮ ಹಿರಿಯರು ಜರ್ಮನ್ ಪತ್ರಿಕೆಯಲ್ಲಿ ಕತ್ತಲೆಯಲ್ಲಿರುವ ಜನರಾಗಿದ್ದರು. ಒಂದೇ ಮಿಶನ್ನಿನ ಲೇಖನಿ, ಎರಡು ಓದುಗರ ವರ್ಗ, ಎರಡು ಮುಖ.

ಹುಡುಗನು ನಮ್ಮ ಮಾತನ್ನು ಮುಕ್ಕಾಲು ಗಂಟೆಯಷ್ಟು ಹಿಡಿದುಕೊಂಡು ಹೋದನು. ಎಂಟು ದಿನಗಳಲ್ಲಿ ಅದನ್ನು ನಾಲ್ಕು ನಿಮಿಷಕ್ಕೆ ಇಳಿಸಿ ತಂದು ತೋರಿಸಿದನು. ನಾಲ್ಕು ನಿಮಿಷಕ್ಕೆ ಮೇಲಾದರೆ ಯಾರೂ ನೋಡುವುದಿಲ್ಲವಂತೆ; ಅದು ಇರಲಿ. ಜರ್ಮನ್ ಪತ್ರಿಕೆಯ ಮಾತೊಂದೂ ಅದರಲ್ಲಿರಲಿಲ್ಲ. “ನಮ್ಮ ಸಭೆಯ ಹಿರಿಯರಿಗೆ ಸೇರೂದಿಲ್ರಿ” ಎಂದನು. ನಮಗೆ ಕೋಪ ಬಂದಿತು. ಕರಾರಿನ ನೆನಪು ಮಾಡಿಕೊಟ್ಟು ಎರಡು ಕಠಿಣ ಮಾತುಗಳನ್ನಾಡಿದೆವು. ಅವನು ಚಹಾ ಮುಟ್ಟದೆ ಎದ್ದು ಹೋದನು. ಬಟ್ಟಲಲ್ಲಿ ಆರಿದ ಚಹಾವನ್ನು ನೋಡಿ ಮನೆಯಾಕೆಯು, “ಮೂವತ್ತು ವರ್ಷ ನೀವು ಮಾಡಿದ್ದನ್ನ ಆ ಕೂಸು ಒಂದ ಸಲ ಮಾಡೇದ” ಎಂದಳು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ಹದಿನೈದು ದಿನಗಳ ಮೇಲೆ ಅವನಿಂದ ಕರೆ ಬಂದಿತು. ಕತ್ತರಿಸದ ಇಡೀ ಕಥನವನ್ನು ಮನೆಯಲ್ಲಿ ಅಜ್ಜಿಯು ಕೇಳಿದಳಂತೆ. ಕೇಳಿ, “ಎಲ್ಲಾ ಸಾಹೇಬರ ಹೆಸರ ಹೇಳ್ಯಾರ. ನಮ್ಮ ಮುತ್ಯಾನ ಹೆಸರ ಎಲ್ಲಿ ಹೋತು?” ಎಂದಳಂತೆ. ಅವಳ ಮಾತನ್ನು ಹಿಡಿಯುವಾಗ ನಾವು ಎದುರಿಗಿರಬೇಕೆಂದು ಕೇಳಿಕೊಂಡನು. ಮರುದಿನದ ಗಾಡಿಗೆ ಹೊರಟೆವು.

ಬೆಟಗೇರಿಯ ಆ ಓಣಿಯಲ್ಲಿ ಮಗ್ಗದ ಸದ್ದು ನಿಲ್ಲುವುದೆಂಬುದಿಲ್ಲ. ಎಂಬತ್ತು ದಾಟಿದ ಮುದುಕಿಯು ಗೋಡೆಗೆ ಒರಗಿ ಕುಳಿತು ಹೇಳತೊಡಗಿದಳು. ಧಾತು ಸಂವತ್ಸರದ ಬರದಲ್ಲಿ, ಎಂದರೆ 1876ರಲ್ಲಿ ಮೊದಲಾಗಿ ಎರಡು ವರ್ಷ ದಕ್ಷಿಣವನ್ನು ಸುಟ್ಟ ಆ ದುರ್ಭಿಕ್ಷದಲ್ಲಿ, ಅವಳ ಮುತ್ಯಾನು ಏಳೆಂಟು ವರ್ಷದ ಹುಡುಗನು. ನಿಜಾಮನ ಸೀಮೆಯ, ಎಂದರೆ ನಮ್ಮ ಕಡೆಯ, ಯಾವುದೋ ಹಳ್ಳಿಯಿಂದ ತಾಯಿಯ ಸೆರಗು ಹಿಡಿದು ಹೊರಟವನು ಒಬ್ಬನೇ ಬೆಟಗೇರಿ ಮುಟ್ಟಿದನಂತೆ. ಮಿಶನ್ನಿನವರು ಗಂಜಿ ಕೊಟ್ಟರು, ಅಕ್ಷರ ಕಲಿಸಿದರು, ಬೇರೆ ಹೆಸರಿಟ್ಟರು. ಮುಂದೆ ದೊಡ್ಡವನಾದ ಮೇಲೆ ಒಬ್ಬ ದೊರೆಯು ಅವನನ್ನು ಕೂಡಿಸಿಕೊಂಡು, ಅವನು ಹೇಳಿದ ಗಾದೆಗಳನ್ನು ಬರೆದುಕೊಳ್ಳುತ್ತಿದ್ದನಂತೆ. ಯಾವ ದೊರೆಯೆಂಬುದನ್ನು ಅವಳು ಅರಿಯಳು. 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನ ಸಾವಿರದ ಏಳುನೂರು ಚಿಲ್ಲರೆ ಪುಟಗಳಲ್ಲಿ ಗಾದೆಗಳು ಹೇರಳವಾಗಿರುವುವು. ಕವಿಯ ಮಾತಾದರೆ ಕಾವ್ಯದ ಹೆಸರು ಕೊಟ್ಟಿರುವುದು. ಗಾದೆಯನ್ನು ಹೇಳಿದ ಬಾಯಿ ಯಾರದು? ಐವತ್ತು ವರ್ಷ ಆ ಕೋಶವನ್ನು ತಿರುವಿದರೂ ಈ ಪ್ರಶ್ನೆ ನಮಗೆ ಹೊಳೆದಿರಲಿಲ್ಲ.

ಕೊನೆಯಲ್ಲಿ ಅವಳು ಮುತ್ಯಾನ ಎರಡು ಹೆಸರುಗಳನ್ನೂ ಹೇಳಿದಳು. ಬರಕ್ಕೆ ಮುಂಚಿನದನ್ನು ಮೊದಲು, ಆಮೇಲಿನದನ್ನು ಅನಂತರ. ಸರಿಯಾಗಿ ಅದೇ ವೇಳೆಗೆ ಪಕ್ಕದ ಮನೆಯ ಮಗ್ಗವು ಜೋರಾಯಿತು. ಇನ್ನೊಮ್ಮೆ ಹೇಳೆಂದು ಮೊಮ್ಮಗನು ಕೇಳಿದ್ದಕ್ಕೆ, “ಹೇಳೇನಲ್ಲ” ಎಂದು ಎಲೆಯಡಿಕೆಯ ಚೀಲವನ್ನು ಬಿಚ್ಚಿದಳು.

ಆ ಮಗ್ಗದ ಸದ್ದನ್ನಷ್ಟೇ ತೆಗೆಯಲು ಬರುವುದೇ ಎಂದು ಹುಡುಗನನ್ನು ಕೇಳಿದೆವು. ತೆಗೆದರೆ ಅದರ ಸಂಗಡ ಹೆಸರೂ ಹೋಗುತ್ತದೆ ಎಂದನು.

ಹಾಗಾದರೆ ಇರಲಿ ಎಂದೆವು.