ಒಳ್ಳೆಯದಾದರೆ ಅಳುವುದೇಕೆ?

ಕಳೆದ ವರ್ಷದ ಬೇಸಿಗೆಯ ಮಾತು. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದು ನಾಲ್ಕು ದಿನವಾಗಿತ್ತು. ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ಎದುರಾದವರೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: “ಹುಡುಗ ಸೈನ್ಸೋ, ಕಾಮರ್ಸೋ?” ಹದಿನಾರು ವರ್ಷ ತುಂಬಿದವನಿಗೆ ಲೋಕದಲ್ಲಿ ಇವೆರಡೇ ಹಾದಿಗಳೆಂದು ಅವರು ನಂಬಿದ್ದರು. ಸುಳ್ಳೇಕೆ ಹೇಳಲಿ, ನಾನೂ ನಂಬಿದ್ದೆ. ನನ್ನ ಮಗನ ಅಂಕಗಳು ಸಿಹಿ ಹಂಚುವಂತೆಯೂ ಇರಲಿಲ್ಲ, ತಲೆತಗ್ಗಿಸುವಂತೆಯೂ ಇರಲಿಲ್ಲ. ಸಾಲವೋ ಸೋಲವೋ ಮಾಡಿ ಒಂದು ಕಾಲೇಜಿಗೆ ಸೇರಿಸಿದರಾಯಿತು ಎಂದು ಲೆಕ್ಕ ಹಾಕಿಕೊಂಡಿದ್ದೆ.

ಆ ರಾತ್ರಿ ಊಟಕ್ಕೆ ಕುಳಿತಾಗ ಅವನು ತಟ್ಟೆಯಿಂದ ಕಣ್ಣೆತ್ತದೆಯೇ ಹೇಳಿದ: “ಅಪ್ಪಾ, ನಾನು ಪಿ.ಯು.ಸಿ.ಗೆ ಹೋಗುವುದಿಲ್ಲ. ಐ.ಟಿ.ಐ. ಸೇರುತ್ತೇನೆ. ಫಿಟ್ಟರ್ ಕೆಲಸ ಕಲಿಯುತ್ತೇನೆ.”

ನನ್ನಾಕೆ ಸಾರಿನ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ನಾನು ಗದರಿದೆ. ಅವನು ಎದುರಾಡಲಿಲ್ಲ; ಕೈತೊಳೆದು ಎದ್ದುಹೋದ. ಮಾರನೆಯ ದಿನವೆಲ್ಲ ಮನೆಯಲ್ಲಿ ಸೂತಕದ ಮೌನ. ನೆಂಟರಿಷ್ಟರಿಗೆ ಏನು ಹೇಳುವುದು ಎಂದು ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನ್ನ ಮನಸ್ಸಿನಲ್ಲಿದ್ದುದೂ ಅದೇ. ಗಂಡಸಾದುದರಿಂದ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು ಕುಳಿತಿದ್ದೆ, ಅಷ್ಟೇ ವ್ಯತ್ಯಾಸ.

ಅದರ ಮರುದಿನ ನಮ್ಮ ಮನೆಗೆಲಸದಾಕೆ ಒಂದು ಸುದ್ದಿ ತಂದಳು. ಅವಳ ಮಗ ಸರ್ಕಾರಿ ಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸಿದ್ದ, ಹದಿನಾಲ್ಕು ತುಂಬಿತ್ತು. ಹೆಬ್ಬಾಳದ ಕಡೆ ಒಂದು ಗ್ಯಾರೇಜಿನಲ್ಲಿ ಹುಡುಗರು ಬೇಕಾಗಿದ್ದಾರಂತೆ; ಅಲ್ಲಿಗೆ ಬಿಡುವುದೆಂದು ಗಂಡಹೆಂಡಿರು ಗೊತ್ತುಮಾಡಿದ್ದರು. ಪರರ ಮಕ್ಕಳ ವಿಷಯದಲ್ಲಿ ಬುದ್ಧಿ ಹೇಳುವುದೆಂದರೆ ನನಗೆ ಮೊದಲಿನಿಂದಲೂ ಉತ್ಸಾಹ. “ಈಗಲೇ ಶಾಲೆ ಬಿಡಿಸಬೇಡಮ್ಮಾ. ಹತ್ತನೆಯದು ಮುಗಿಸಲಿ. ಆಮೇಲೆ ಐ.ಟಿ.ಐ.ಗೆ ಸೇರಿಸು. ಕೈಯಲ್ಲೊಂದು ಕಸುಬಿದ್ದರೆ ಎಲ್ಲಿ ಹೋದರೂ ಬದುಕಬಹುದು. ಬಹಳ ಒಳ್ಳೆಯದು” ಎಂದೆ.

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನನ್ನು ನೋಡಿದಳು. ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದಳು: “ನಿಮ್ಮ ಮಗನೂ ಅದನ್ನೇ ಕೇಳ್ದ ಅಂತ ಅಮ್ಮಾವ್ರು ನಿನ್ನೆಯೆಲ್ಲ ಅಳ್ತಾ ಇದ್ರು. ಒಳ್ಳೇದಾದ್ರೆ ಅಳೋದ್ಯಾಕೆ ಸಾರ್?”

ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ತಪ್ಪದವನಿಗೆ ಆ ಲೆಕ್ಕ ಮಾತ್ರ ತಾಳೆಯಾಗಲಿಲ್ಲ.

ಮಗುವನ್ನು ಎಷ್ಟು ವಯಸ್ಸಿನವರೆಗೆ ಶಾಲೆಯಲ್ಲಿರಿಸಬೇಕು ಎಂಬುದು ನಮ್ಮಲ್ಲಿ ನೂರು ವರ್ಷಕ್ಕೂ ಹಳೆಯ ಪ್ರಶ್ನೆ. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಕಡ್ಡಾಯ ಶಿಕ್ಷಣದ ಮಸೂದೆ ತಂದರು. ಬ್ರಿಟಿಷರ ಶಾಸನಸಭೆ ಅದನ್ನು ತಳ್ಳಿಹಾಕಿತು. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾನೂನು ಮಾಡಿ ಆಯ್ದ ಸ್ಥಳಗಳಲ್ಲಿ ಕಡ್ಡಾಯವನ್ನು ಜಾರಿಗೆ ತಂದಿತು. ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತ, ಕಡ್ಡಾಯ ಶಿಕ್ಷಣ ದೊರೆಯಬೇಕೆಂದು 1950ರ ಸಂವಿಧಾನ ಆಶಿಸಿತು. ಆ ಹತ್ತು ವರ್ಷ ಬಹಳ ಉದ್ದವಾಯಿತು. ಅದು ಮೂಲಭೂತ ಹಕ್ಕಾದುದು 2002ರ ತಿದ್ದುಪಡಿಯಿಂದ. ಅದಕ್ಕೆ ಕಾನೂನಿನ ರೂಪ ಬಂದದ್ದು 2009ರಲ್ಲಿ. ಕಾನೂನು ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಆರರಿಂದ ಹದಿನಾಲ್ಕು ವರ್ಷ, ಎಂಟನೆಯ ತರಗತಿ: ಹಕ್ಕಿನ ಗಡಿ ಅಲ್ಲಿಗೇ ನಿಂತಿತು. ಅದನ್ನು ಹದಿನೆಂಟಕ್ಕೆ ವಿಸ್ತರಿಸುವ ಮಾತು 2020ರ ಶಿಕ್ಷಣ ನೀತಿಯಲ್ಲಿದೆ. ನೀತಿ ಬೇರೆ, ಹಕ್ಕು ಬೇರೆ.

ನಮ್ಮ ಮನೆಗೆಲಸದಾಕೆಗೆ ಈ ಇಸವಿಗಳು ಯಾವುವೂ ಗೊತ್ತಿಲ್ಲ. ಆದರೆ ಕಾನೂನು ಎಲ್ಲಿ ಕೈಬಿಡುತ್ತದೆಯೋ ಸರಿಯಾಗಿ ಅಲ್ಲೇ ಅವಳ ಮಗನೂ ಶಾಲೆಯ ಮೆಟ್ಟಿಲಿಳಿಯಲು ಸಿದ್ಧನಾಗಿದ್ದ.

ಇಂಗ್ಲೆಂಡಿನಲ್ಲಿ ಶಾಲೆ ಬಿಡುವ ವಯಸ್ಸನ್ನು 1947ರಲ್ಲಿ ಹದಿನೈದಕ್ಕೂ 1972ರಲ್ಲಿ ಹದಿನಾರಕ್ಕೂ ಏರಿಸಿದರು. 2015ರಿಂದ ಅಲ್ಲಿ ಹದಿನೆಂಟರವರೆಗೆ ಏನಾದರೊಂದನ್ನು ಕಲಿಯುತ್ತಿರಲೇಬೇಕು. ‘ಏನಾದರೊಂದು’ ಎಂಬುದೇ ಮುಖ್ಯ. ಪುಸ್ತಕವೇ ಆಗಬೇಕೆಂದಿಲ್ಲ, ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿ ದುಡಿಯುತ್ತ ಕಲಿತರೂ ಆಯಿತು. ಒಲ್ಲದ ಹುಡುಗನನ್ನು ಒಂದೇ ಬೆಂಚಿನ ಮೇಲೆ ಇನ್ನೆರಡು ವರ್ಷ ಕೂರಿಸಿದರೆ ವಯಸ್ಸು ಏರುತ್ತದೆ, ವಿದ್ಯೆ ಏರುವುದಿಲ್ಲ ಎಂಬುದನ್ನು ಅವರು ಕಂಡುಕೊಂಡಿರಬೇಕು.

ಇದನ್ನು ಹೇಳಲು ಇಂಗ್ಲೆಂಡಿನವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಮೈಸೂರಿನಲ್ಲಿ 1913ರ ಆ ಕಾನೂನು ಬಂದಾಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಮುಂದೆ 1943ರಲ್ಲಿ ಬೆಂಗಳೂರಿನಲ್ಲಿ ಕಸುಬು ಕಲಿಸಲೆಂದು ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿದಾಗ ಅದರ ಹಿಂದಿದ್ದವರೂ ಅವರೇ. ಮಗುವನ್ನು ಶಾಲೆಗೆ ಕಟ್ಟಿಹಾಕುವುದೂ ಅದರ ಕೈಗೆ ಉಪಕರಣ ಕೊಡುವುದೂ ಆ ಹಿರಿಯರಿಗೆ ವಿರೋಧವಾಗಿ ತೋರಲಿಲ್ಲ.

ನಮಗೇಕೆ ಹಾಗೆ ತೋರುತ್ತದೆ? ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಗಾದೆ ಹೇಳಲು ನಾವು ಮುಂದು. ಕೆಸರು ಮಾತ್ರ ಪರರ ಮಕ್ಕಳ ಕೈಗೆ. ಮೊಸರು ನಮ್ಮ ಮಕ್ಕಳ ಬಾಯಿಗೆ!

ನನ್ನ ಮಟ್ಟಿಗೆ ಇದು ಬರಿಯ ಜಂಬವಲ್ಲ, ಕೃತಘ್ನತೆಯೂ ಹೌದು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್.ಎಂ.ಟಿ.ಯೂ ಮರುವರ್ಷ ಬಿ.ಇ.ಎಲ್. ಕೂಡ ಬಂದ ಮೇಲೆ ಊರಿನ ಉತ್ತರ ಭಾಗದ ಬದುಕೇ ಬದಲಾಯಿತು. ನಮ್ಮ ತಂದೆ ಎಸ್.ಎಸ್.ಎಲ್.ಸಿ. ಮುಗಿಸಿ, ಕೆಲಸ ಕಲಿಯುವ ಹುಡುಗನಾಗಿ ಅಲ್ಲಿನ ಕಾರ್ಖಾನೆಯೊಂದನ್ನು ಸೇರಿದವರು. ಅವರ ಬೆರಳುಗಳ ಸಂದಿಯಲ್ಲಿ ಎಣ್ಣೆಯ ಕರೆ ಹಬ್ಬದ ದಿನವೂ ಹೋಗುತ್ತಿರಲಿಲ್ಲ. ಆ ಸಂಬಳದಲ್ಲಿ ಮನೆ ಕಟ್ಟಿದರು, ಇಬ್ಬರು ತಂಗಿಯರ ಮದುವೆ ಮಾಡಿದರು, ನನ್ನನ್ನು ಬಿ.ಕಾಂ. ಓದಿಸಿದರು. ನಾನು ಮೇಜಿನ ಹಿಂದೆ ಕುಳಿತೆ. ನನ್ನ ಮಗ ಮೇಜಿನ ಮುಂದೆ ನಿಂತಾನು ಎಂದೊಡನೆ ನನಗೆ ನಾಚಿಕೆಯಾಯಿತು!

ಆ ದಿನಗಳು ಮತ್ತೆ ಬರಲಾರವು, ಬಲ್ಲೆ. ಎಚ್.ಎಂ.ಟಿ.ಯ ಕೈಗಡಿಯಾರದ ಕಂಪನಿಯನ್ನೇ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಕಸುಬು ಕಲಿತವನಿಗೆಲ್ಲ ಕಾಯಂ ನೌಕರಿ ಕಾದಿಲ್ಲ. ಗುತ್ತಿಗೆಯ ಕೆಲಸ, ಅಲ್ಪ ಸಂಬಳ ಇವುಗಳ ಭಯ ನನ್ನಾಕೆಯ ಕಣ್ಣೀರಿನಲ್ಲಿ ಇತ್ತು. ಆ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮನಸ್ಸಿಲ್ಲದೆ ಪಡೆದ ಪದವಿಗೂ ಅಂಥ ಭರವಸೆ ಇಲ್ಲವಷ್ಟೆ.

ಕೊನೆಗೆ ಒಂದು ದಿನ ರಜೆ ಹಾಕಿ ಮಗನೊಡನೆ ಒಂದು ಐ.ಟಿ.ಐ.ಯನ್ನು ನೋಡಲು ಹೋದೆ. ಹೊಸದಾಗಿ ಸೇರಿದ ಹುಡುಗರು ಉಕ್ಕಿನ ತುಂಡನ್ನು ವೈಸಿಗೆ ಬಿಗಿದು ಅರದಿಂದ ಉಜ್ಜುತ್ತಿದ್ದರು. ಮೇಷ್ಟರು ಒಂದು ತುಂಡನ್ನೆತ್ತಿ, ಮೂಲೆಮಟ್ಟವನ್ನು ಅದಕ್ಕೆ ತಾಗಿಸಿ, ಕಿಟಕಿಯ ಬೆಳಕಿಗೆ ಹಿಡಿದರು. ನಡುವೆ ಕೂದಲೆಳೆಯಷ್ಟು ಬೆಳಕು ತೂರಿತು. “ಇನ್ನೂ ಉಜ್ಜಬೇಕು” ಎಂದರು. ಗೋಡೆಯ ಹಲಗೆಯ ಮೇಲೆ ಕೋನಗಳು, ದಶಮಾಂಶಗಳು. “ನಕ್ಷೆ ಓದಬೇಕು, ಮಿಲಿಮೀಟರಿನ ನೂರನೆಯ ಭಾಗ ಅಳೆಯಬೇಕು. ಫಿಟ್ಟರಿಗೆ ಎರಡು ವರ್ಷ; ಹತ್ತನೆಯ ತರಗತಿ ಪಾಸಾಗದೆ ಸೇರಿಸಿಕೊಳ್ಳುವಂತಿಲ್ಲ” ಎಂದು ಮೇಷ್ಟರು ವಿವರಿಸಿದರು. ಇಲ್ಲಿ ಮುಗಿಸಿದವನು ಬೇಕೆಂದರೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರಬಹುದು. ಅಲ್ಲಿಂದ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ದಾರಿಯುಂಟು. ನಾನು ಮುಚ್ಚಿದ ಬಾಗಿಲೆಂದುಕೊಂಡದ್ದು ಪಕ್ಕದ ಬಾಗಿಲು ಮಾತ್ರವಾಗಿತ್ತು.

ಹಿಂದಿರುಗುವಾಗ ಹೊಳೆಯಿತು: ಮನೆಗೆಲಸದಾಕೆಯ ಮಗನಿಗೆ ಸಿಕ್ಕಿದ್ದುದು ಈ ಹಾದಿಯಲ್ಲ. ಗ್ಯಾರೇಜಿನಲ್ಲಿ ಅವನು ಸ್ಪ್ಯಾನರು ಎತ್ತಿಕೊಡುತ್ತಾನೆ, ಟೀ ತರುತ್ತಾನೆ, ಕಣ್ಣಳತೆಯಲ್ಲಿ ಒಂದಿಷ್ಟು ಕಲಿಯುತ್ತಾನೆ. ಅರ್ಧಕ್ಕೆ ಬಿಟ್ಟ ಗಣಿತ ಮಾತ್ರ ಮುಂದಿನ ಬಾಗಿಲುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಹದಿನಾಲ್ಕಕ್ಕೆ ಶಾಲೆ ಬಿಡುವುದನ್ನು ‘ಕಸುಬಿನ ಶಿಕ್ಷಣ’ ಎಂದು ಕರೆದರೆ ಅದು ಬಡವರಿಗೆ ನಾವು ಹೇಳುವ ಸುಳ್ಳು. ಹತ್ತರವರೆಗೆ ಎಲ್ಲರ ಮಕ್ಕಳೂ ಒಟ್ಟಿಗೆ ಓದಬೇಕು. ಆಮೇಲೆ ಹಾದಿ ಕವಲೊಡೆದರೆ ಎರಡು ಹಾದಿಯಲ್ಲೂ ಎಲ್ಲರ ಮಕ್ಕಳೂ ಇರಬೇಕು. ನಮ್ಮ ಮಕ್ಕಳು ಕಾಲಿಡದ ಹಾದಿಗೆ ದೀಪ ಹಾಕಿಸಿರೆಂದು ಕೇಳುವವರಾರು?

ಅವಳ ಮನೆಯ ಲೆಕ್ಕವನ್ನು ನನ್ನಾಕೆಯೇ ಕೂತು ಕೇಳಿದಳು. ಗ್ಯಾರೇಜಿನ ಹಣ ಮನೆಬಾಡಿಗೆಗೆಂದು ಎಣಿಸಿದ್ದಂತೆ. ಅವಳ ಸಂಬಳವನ್ನು ನಾವು ಎಂದೋ ಹೆಚ್ಚಿಸಬೇಕಾಗಿತ್ತು, ಹೆಚ್ಚಿಸಿದೆವು. ಪಕ್ಕದ ಮನೆಯವರೂ ಒಪ್ಪಿದರು. ಹುಡುಗ ಒಂಬತ್ತಕ್ಕೆ ಹೋದ, ಈಗ ಹತ್ತರಲ್ಲಿದ್ದಾನೆ. ಸಂಜೆ ನನ್ನ ಮಗ ಅವನಿಗೆ ರೇಖಾಗಣಿತ ಹೇಳಿಕೊಡುತ್ತಾನೆ. ಹುಡುಗ ಕೊನೆಯವರೆಗೂ ನಿಲ್ಲುತ್ತಾನೆಂದು ನಾನು ಪ್ರಮಾಣ ಮಾಡಲಾರೆ. ಬಾಡಿಗೆ ಮತ್ತೆ ಏರಿದೆ.

ಮೊನ್ನೆ ಉದ್ಯಾನದಲ್ಲಿ ಹಳೆಯ ಸ್ನೇಹಿತರೊಬ್ಬರು ಕೇಳಿದರು: “ಮಗ ಏನು ಓದುತ್ತಿದ್ದಾನೆ?” ಮೊದಲಾಗಿದ್ದರೆ ದನಿ ತಗ್ಗಿಸುತ್ತಿದ್ದೆ. “ಐ.ಟಿ.ಐ., ಫಿಟ್ಟರ್” ಎಂದೆ. ಅವರು ಕ್ಷಣಕಾಲ ಸುಮ್ಮನಿದ್ದು, “ಪರವಾಗಿಲ್ಲ ಬಿಡಿ” ಎಂದು ಸಮಾಧಾನ ಹೇಳಿದರು.

ನಾನು ಸಮಾಧಾನ ಕೇಳಿರಲಿಲ್ಲ.