ಕೊಟ್ಟವರು ಯಾರು?

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯವರಿಗೆ ಗೋಮಾಳವೆಂದರೇನೆಂದು ವಿವರಿಸಬೇಕಾಗಿಲ್ಲ. ದಾಖಲೆಯಲ್ಲಿ ಅದು ಸರ್ಕಾರದ್ದು. ರೂಢಿಯಲ್ಲಿ ಊರ ದನಕರುಗಳದು, ಕುರಿ ಕಾಯುವವರದು, ಸೌದೆ ಆಯುವ ಬಡ ಹೆಂಗಸರದು. ಇಂಥ ಭೂಮಿಯನ್ನು ಸರ್ಕಾರವು ದೂರದ ಕಂಪನಿಯೊಂದಕ್ಕೆ ಐವತ್ತು ವರ್ಷ ಗುತ್ತಿಗೆಗೆ ಬರೆದುಕೊಟ್ಟರೆ, ನಿಜವಾಗಿ ಕೊಟ್ಟವರು ಯಾರು?

ಇದು ಬರಿಯ ಊಹೆಯ ಪ್ರಶ್ನೆಯಲ್ಲ. ಗುಲಾಬಿ ರಫ್ತಿನಿಂದ ಹೆಸರಾದ ಬೆಂಗಳೂರಿನ ಕರುತುರಿ ಗ್ಲೋಬಲ್ ಸಂಸ್ಥೆಯು 2010ರಲ್ಲಿ ಇಥಿಯೋಪಿಯ ದೇಶದ ಗಂಬೆಲ್ಲಾ ಪ್ರಾಂತದಲ್ಲಿ ಒಂದು ಲಕ್ಷ ಹೆಕ್ಟೇರ್, ಎಂದರೆ ಸುಮಾರು 2.47 ಲಕ್ಷ ಎಕರೆ ಭೂಮಿಯನ್ನು 50 ವರ್ಷಗಳ ಗುತ್ತಿಗೆಗೆ ಪಡೆಯಿತು. ಕಬ್ಬು, ಎಣ್ಣೆತಾಳೆ, ಭತ್ತ ಮೊದಲಾದವುಗಳನ್ನು ಬೆಳೆಯುವ ಯೋಜನೆ. ಕರ್ನಾಟಕದ 1974ರ ಭೂಸುಧಾರಣಾ ತಿದ್ದುಪಡಿಯು ಸಾಮಾನ್ಯ ಕುಟುಂಬವೊಂದಕ್ಕೆ ಒಣಭೂಮಿಯಾದರೂ 54 ಎಕರೆ ಮೀರಬಾರದೆಂದಿತ್ತು. ತವರಿನಲ್ಲಿ ಸಲ್ಲದುದು ಹೊರನಾಡಿನಲ್ಲಿ ಸುಲಭವಾಯಿತು.

ಗುತ್ತಿಗೆಯ ದರವನ್ನು ವರ್ತಕರಾದವರು ಗಮನಿಸಬೇಕು. ಹೆಕ್ಟೇರಿಗೆ ವರ್ಷಕ್ಕೆ 20 ಬಿರ್. ಅಂದಿನ ವಿನಿಮಯದಲ್ಲಿ ಎಕರೆಗೆ ಸುಮಾರು 22 ರೂಪಾಯಿ. ಕೂಡ್ಲಿಗಿಯ ಕಲ್ಲು ಮಸಾರಿ ಹೊಲವನ್ನೂ ಆ ದರಕ್ಕೆ ಯಾರೂ ಕೊಡಲಾರರು. ಇದು ಹೊಸ ರೀತಿಯೂ ಅಲ್ಲ: 1926ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಸಂಸ್ಥೆಯು ಲೈಬೀರಿಯದಲ್ಲಿ ರಬ್ಬರ್ ತೋಟಕ್ಕಾಗಿ ಹತ್ತು ಲಕ್ಷ ಎಕರೆಯವರೆಗಿನ ಭೂಮಿಗೆ, ಎಕರೆಗೆ ಆರು ಸೆಂಟಿನಂತೆ, 99 ವರ್ಷಗಳ ಒಪ್ಪಂದ ಮಾಡಿಕೊಂಡಿತ್ತು. ಪೇಟೆಯ ಧಾರಣೆಗಿಂತ ತೀರ ಅಗ್ಗವಾಗಿ ಬಂದ ಸರಕು ಎಲ್ಲಿಂದ ಬಂತೆಂದು ವಿಚಾರಿಸದೆ ಕೊಳ್ಳುವವನು ಜಾಣನೆನಿಸಬಹುದು. ಅಪಹೃತ ವಸ್ತುವನ್ನು ಕೊಳ್ಳುವುದನ್ನು ಶ್ರಾವಕಾಚಾರಗಳು ಅಚೌರ್ಯಾಣುವ್ರತದ ಅತಿಚಾರಗಳಲ್ಲಿಯೇ ಎಣಿಸಿವೆ.

ಆ ಸಂಸ್ಥೆ ಕದ್ದಿತೆಂದು ಹೇಳುವುದು ನ್ಯಾಯವಲ್ಲ. ಇಥಿಯೋಪಿಯದಲ್ಲಿ ಭೂಮಿಯೆಲ್ಲವೂ ಕಾನೂನಿನಂತೆ ಸರ್ಕಾರದ ಅಧೀನ. ಒಪ್ಪಂದಕ್ಕೆ ಸಹಿಯೂ ಇತ್ತು. ಆದರೆ ಅಲ್ಲಿ ಅನುವಾಕ್, ನುಯೆರ್ ಜನರಿದ್ದರು. ಅನುವಾಕರು ನೆರೆ ಇಳಿದ ಮೇಲೆ ನದೀದಂಡೆಯ ಹಸಿಯಲ್ಲಿ ಜೋಳ ಬಿತ್ತುವವರು. ನುಯೆರರು ದನಗಳನ್ನು ಹೊಡೆದುಕೊಂಡು ಮೇವಿನ ಹಿಂದೆ ಸಾಗುವವರು. ಅದೇ ವರ್ಷಗಳಲ್ಲಿ ಗಂಬೆಲ್ಲಾದ ಸಾವಿರಾರು ಜನರನ್ನು ಹೊಸ ಹಳ್ಳಿಗಳಿಗೆ ಸ್ಥಳಾಂತರಿಸಲಾಯಿತು. ಇದು ಬಲಾತ್ಕಾರವೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2012ರಲ್ಲಿ ವರದಿ ಮಾಡಿತು. ಜನರ ಇಚ್ಛೆಯಂತೆ ನಡೆದುದೆಂದೂ, ಗುತ್ತಿಗೆಗೂ ಇದಕ್ಕೂ ಸಂಬಂಧವಿಲ್ಲವೆಂದೂ ಅಲ್ಲಿನ ಸರ್ಕಾರ ವಾದಿಸಿತು.

2011ರಲ್ಲಿ ಬಾರೋ ನದಿ ಉಕ್ಕಿ ಸಂಸ್ಥೆಯ ಮೆಕ್ಕೆಜೋಳವೆಲ್ಲ ನೀರುಪಾಲಾಯಿತು. ಆ ನದಿ ಎಲ್ಲಿಯವರೆಗೆ ಹರಡುವುದೆಂಬುದು ದಂಡೆಯ ಮುದುಕರಿಗೆ ತಿಳಿದೇ ಇದ್ದೀತು. ಕೊನೆಗೆ 2015ರ ಡಿಸೆಂಬರಿನಲ್ಲಿ, ಅತ್ಯಲ್ಪ ಭೂಮಿಯನ್ನು ಮಾತ್ರ ಸಾಗುವಳಿಗೆ ತಂದಿದೆಯೆಂಬ ಕಾರಣ ನೀಡಿ, ಸರ್ಕಾರವೇ ಗುತ್ತಿಗೆಯನ್ನು ರದ್ದುಪಡಿಸಿತು. ಬೆಳೆದ ಕಬ್ಬಿಲ್ಲ, ಬಂಡವಾಳ ಹೂಡಿದವರಿಗೂ ಲಾಭವಿಲ್ಲ.

ದೂರದ ಈ ಕಥೆ ನಮ್ಮ ಸೀಮೆಗೇಕೆ? 2020ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದಾಗಿದೆ. ಪಟ್ಟಣದ ಹಣ ಹಡಗಲಿ, ಹರಪನಹಳ್ಳಿಗಳ ಹೊಲಗಳನ್ನು ಹುಡುಕಿಕೊಂಡು ಬರಲು ಅಡ್ಡಿಯಿಲ್ಲ. ಜಮೀನುಳ್ಳ ಕುಟುಂಬಗಳೂ ಬಸದಿಯ ಟ್ರಸ್ಟುಗಳೂ ದೀರ್ಘಾವಧಿಯ ಕರಾರಿಗೆ ಸಹಿ ಮಾಡುವ ಮುನ್ನ ಪಹಣಿಯನ್ನು ನೋಡುವುದು ಸಹಜ. ಅದರಲ್ಲಿ ಸ್ವಾಧೀನದಾರನ ಹೆಸರಿಗೆ ಕಾಲಂ ಇದೆ, ಸಾಗುವಳಿದಾರನಿಗೂ ಇದೆ. ಸುಗ್ಗಿಯ ನಂತರ ಅದೇ ಹೊಲದಲ್ಲಿ ಮಂದೆ ನಿಲ್ಲಿಸಿ ಗೊಬ್ಬರ ಕೊಡುವ ಕುರಿಗಾಹಿಯ ಹೆಸರಿಗೆ ಕಾಲಂ ಇಲ್ಲ. ಅವನನ್ನು ಕರೆದೇ ಕೇಳಬೇಕು.