‘ಶೋಲೆ’ಯೂ ನನ್ನ ತರ್ಕವೂ

ತರ್ಕಶಾಸ್ತ್ರದ ವಿದ್ಯಾರ್ಥಿಯಾದ ನಾನು ‘ಶೋಲೆ’ಯನ್ನು ಮೆಚ್ಚಕೂಡದು. ಆದರೂ ನಾಲ್ಕು ಸಲ ನೋಡಿದ್ದೇನೆ! 1975ರ ಆ ಚಿತ್ರದ ರಾಮಗಡವೆಂದರೆ ನಮ್ಮ ರಾಮನಗರದ ಬಂಡೆಗಳ ನಡುವೆ ಕಟ್ಟಿದ ಊರು. ಅಲ್ಲಿ ವಿದ್ಯುತ್ತಿಲ್ಲ, ರಾಧೆ ರಾತ್ರಿ ಒಂದೊಂದೇ ದೀಪವನ್ನು ಆರಿಸುತ್ತಾಳೆ. ಹಾಗಾದರೆ ವೀರು ಕುಡಿದು ಹತ್ತುವ ಆ ಎತ್ತರದ ತೊಟ್ಟಿಗೆ ನೀರು ಏರಿದ್ದಾದರೂ ಹೇಗೆ? ಠಾಕೂರನ ಸೇಡು ತೀರುವ ಗಳಿಗೆಗೆ ಸರಿಯಾಗಿ ಪೋಲೀಸರು ಬರುವುದಂತೂ ಸೆನ್ಸಾರಿನವರ ಕೃಪೆಯೆನ್ನಿ.

ಕಳೆದ ಸಲ ಹಾಸ್ಟೆಲಿನ ಟೀವಿಯ ಮುಂದೆ ಈ ದೋಷಗಳನ್ನೆಲ್ಲ ಎಣಿಸುತ್ತ ಕುಳಿತಿದ್ದೆ. ಪಕ್ಕದಲ್ಲಿ ನನ್ನ ಕೋಣೆಯ ಗೆಳೆಯ. ನಾವು ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಜೈ ಸತ್ತ. ಅವನ ನಾಣ್ಯದ ಎರಡು ಮುಖವೂ ಒಂದೇ ಎಂದು ವೀರುವಿಗೆ ಆಗ ತಿಳಿಯಿತು. ಗೆಳೆಯನನ್ನು ಉಳಿಸಲು ಅವನು ಮೋಸದಿಂದ ಗೆದ್ದಿದ್ದ. ನನ್ನ ತರ್ಕ ಅಲ್ಲಿಗೆ ನಿಂತಿತು. ಗೆಳೆಯ ನನ್ನತ್ತ ನೋಡದೆಯೇ ತನ್ನ ಟವಲನ್ನು ಚಾಚಿದ. ಅದರ ಒಂದು ತುದಿ ಆಗಲೇ ಒದ್ದೆಯಾಗಿತ್ತು.